ಇಲ್ಲ ಎನ್ನುವಷ್ಟು ಕರೆಂಟು

ಮಾರುತಿ ಎಂಟುನೂರರ ನೆತ್ತಿಗೆ ಎರಡು ಹಾರ್ನು ಕಟ್ಟಿ
ಹನ್ನೊಂದು ವರ್ಷ.
ಚಿಂತಾಮಣಿಯ ಸಾವು, ಸೀರೆಯ ರಿಯಾಯ್ತಿ,
ಕಳೆದುಹೋದ ಎಮ್ಮೆ, ಕಣ್ಣಿನ ತಪಾಸಣೆ
ಎಲ್ಲ ಮೊದಲು ನನ್ನ ಗಂಟಲಿಗೆ ಬಂದು
ಆಮೇಲೆ ಊರಿಗೆ.

ಗಂಟಲಿಗೆ ಶುಂಠಿ, ಕಲ್ಲುಸಕ್ಕರೆ.
ಬ್ಯಾಟರಿಗೆ?
ಅದೂ ಗೊತ್ತು ಅಂದುಕೊಂಡಿದ್ದೆ.

ತಿಂಗಳಿಗೊಂದು ಭಾನುವಾರ ಬಾನೆಟ್ಟು ಎತ್ತುತ್ತೇನೆ.
ಮೊದಲು ಬಿಚ್ಚುವುದು ಮೈನಸ್ಸು, ಕೊನೆಗೆ ಕಟ್ಟುವುದೂ ಅದನ್ನೇ.
ಕೊಂಬಿನ ಮೇಲೆ ಕೂತ ಹಸಿರು ಬೂಷ್ಟಿಗೆ
ಅಡುಗೆಸೋಡಾ ಕದಡಿದ ಬಿಸಿನೀರು;
ಬುಸ್ಸೆಂದು ನೊರೆಯೆದ್ದು ಇಳಿದರೆ
ಒಳಗಿನ ಸೀಸ ಮಿನುಗುತ್ತದೆ.
ಹಳೇ ಹಲ್ಲುಜ್ಜುವ ಬ್ರಷ್ಷು, ಒಣಬಟ್ಟೆ, ಒಂದು ಬೆರಳು ವ್ಯಾಸಲೀನು.
ಆರು ಮುಚ್ಚಳ ತಿರುಗಿಸಿ ಇಣುಕಿದರೆ ಆರು ಪುಟ್ಟ ಬಾವಿ.
ತಟ್ಟೆ ಮುಳುಗುವಷ್ಟು, ಅಷ್ಟೇ, ಡಿಸ್ಟಿಲ್ಡ್ ವಾಟರು.
ನಮ್ಮ ಬೋರ್‌ವೆಲ್ ನೀರು ಹುಯ್ದರೆ ಮುಗೀತು,
ಸಾವಿರದಿನ್ನೂರು ಅಡಿಯಿಂದ ಬಂಡೆಯನ್ನೇ ಕರಗಿಸಿ ತರುವ ಅದು
ಟೀ ಪಾತ್ರೆಗೂ ಸುಣ್ಣ ಬಳಿಯುತ್ತದೆ.

ಇಷ್ಟು ಸಾಕಿದ್ದು ಇತ್ತೀಚೆಗೆ ಮುನಿಸಿಕೊಂಡಿತ್ತು.
ಕೀಲಿ ತಿರುಗಿಸಿದರೆ ಕಟ್ ಕಟ್ ಕಟ್,
ಗೋಡೆಯ ಹಲ್ಲಿ ಲೊಚಗುಟ್ಟಿದ ಹಾಗೆ.
ಹಲ್ಲಿ ನುಡಿದರೆ ನಿಜ ಅಂತಾರೆ.
ನಾನು ಸಂಪಂಗಿಯ ಟೆಂಪೋದಿಂದ ವೈರು ಎಳೆದು
ವಾರಕ್ಕೆ ಮೂರು ಸಲ ಎಬ್ಬಿಸಿದೆ.
“ಇನಾಯತ್‌ಗೆ ತೋರಿಸೋ ಗಂಗುಲಪ್ಪ” ಅಂದ ಸಂಪಂಗಿ.
ಮತ್ತೆ ವ್ಯಾಸಲೀನು ಹಚ್ಚಿದೆ.

ಬುಧವಾರ ನಗರಸಭೆಯ ಚೀಟಿ ಬಂತು.
ಚೇಳೂರು ಸರ್ಕಲ್ಲಿನ ಹಿಂದಿನ ಗಲ್ಲಿಯಲ್ಲಿ
ಪೆಟ್ರೋಲು ಉಳಿಯಲಿ ಅಂತ ಇಂಜಿನ್ನು ಆರಿಸಿ ಮೈಕು ಹಿಡಿದೆ:
“ನಾಗರಿಕರ ಗಮನಕ್ಕೆ,
ನಾಳೆ ಬೆಳಿಗ್ಗೆ ಆರಕ್ಕೆ ನಲ್ಲಿಯಲ್ಲಿ ನೀರು ಬರುವುದಿ”

ಅಷ್ಟೇ.
ನನ್ನ ಗಂಟಲು ಸರಿಯಿತ್ತು. ಹಾರ್ನು ಕೊಯ್ದ ಹಾಗೆ ನಿಂತಿತು.
ಕನ್ನಡ ನೋಡಿ, ಕೆಟ್ಟ ಸುದ್ದಿಯನ್ನು
ಬಾಲದಲ್ಲಿ ಇಟ್ಟುಕೊಂಡಿರುತ್ತದೆ.
‘ಇಲ್ಲ’ ಬರುವುದು ಕೊನೆಯ ಬೋಗಿಯಲ್ಲಿ;
ಅದಕ್ಕೆ ಮುಂಚೆ ಕರೆಂಟು ಹೋದರೆ
ಎಲ್ಲವೂ ಉಂಟು.

ಬೆಳಿಗ್ಗೆ ಐದೂವರೆಗೇ ಕೊಡಗಳು,
ಹಳದಿ, ನೀಲಿ, ಒಂದು ತಾಮ್ರದ್ದು,
ಗಲ್ಲಿಯುದ್ದಕ್ಕೂ ಬಾಯಿ ತೆರೆದು ಕೂತಿದ್ದವು.
“ನೀನೇ ತಾನೇ ಬರುತ್ತೆ ಅಂದಿದ್ದು?”
ಲಕ್ಷ್ಮೀನರಸಮ್ಮ ಸೊಂಟಕ್ಕೆ ಕೈಯಿಟ್ಟಳು.
ಒಂದು ರಾತ್ರಿ ತಡವಾಗಿ, ಮೈಕಿಲ್ಲದೆ,
“ಇಲ್ಲ” ಅಂದೆ.

ಆಮೇಲೆ ಅವರೇ ಬೈಯುತ್ತ ಕಾರು ತಳ್ಳಿದರು.
ಇನಾಯತ್ ಕೈ ಹಾಕಲಿಲ್ಲ, ಬಗ್ಗಿ ಮೂಸಿದ.
“ಕೊಳೆತ ಮೊಟ್ಟೆ ನಾತ. ಎಷ್ಟು ದಿನದಿಂದ?”
ಉಬ್ಬಿದ ಪಕ್ಕೆ ತೋರಿಸಿದ,
ನಾನೇ ಭಾನುವಾರಗಳಲ್ಲಿ ಒರೆಸಿದ ಪಕ್ಕೆ.
ಗಾಜಿನ ಕೊಳವೆಯನ್ನು ಬಾವಿ ಬಾವಿಗೆ ಇಳಿಸಿ ಹೀರಿದ.
ಐದರಲ್ಲಿ ಒಳಗಿನ ಬುರುಡೆ ತೇಲಿತು.
ಒಂದರಲ್ಲಿ ತಳ ಕಚ್ಚಿತು.

“ಒರೆಸೋದು ನಿನ್ನ ಕೆಲಸ. ನೀರು ನೋಡೋದೂ ನಿಂದೇ.
ಉಬ್ಬಿದ್ದು, ನಾತ ಬಂದಿದ್ದು, ಎಬ್ಬಿಸಿ ಎಬ್ಬಿಸಿ ಮತ್ತೆ ಮಲಗಿದ್ದು,
ಅದು ನಂದು. ಅದಕ್ಕೆ ಮುಲಾಮು ಹಚ್ಚಬೇಡ.
ಪಕ್ಕದಲ್ಲೇ ಬೀಡಿ ಹಚ್ಚಿದ್ದಿದ್ದರೆ
ನಿನ್ನ ಸಾವು ಕೂಗೋಕೆ ಊರಲ್ಲಿ ಇನ್ನೊಬ್ಬ ಯಾರಿದ್ದಾನೆ?”

ಹಳೆಯದನ್ನು ತೂಕಕ್ಕೆ ಹಾಕಿಕೊಂಡ. ಹೊಸದನ್ನು ಕೂರಿಸಿದ.
ಆಲ್ಟರ್ನೇಟರಿಗೆ ಮೀಟರು ಹಿಡಿದು “ಇದು ಬದುಕಿದೆ” ಅಂದ.
ಸಾಲ ಬರೆದುಕೊಂಡ.
“ಮೈಕು ಹಾಕುವಾಗ ಇಂಜಿನ್ನು ಓಡ್ತಿರಲಿ. ನೋಡು, ಮಾತಾಡು.”

ಏನು ಮಾತಾಡುವುದು?
ಬಾಯಿಗೆ ಬಂದದ್ದು ಒಂದೇ ಶಬ್ದ.
“ಇಲ್ಲ.”

ಬೀದಿಯ ಆ ತುದಿವರೆಗೆ ಹೋಗಿ
ಶಟರುಗಳಿಗೆ ಬಡಿದು ವಾಪಸ್ಸು ಬಂತು ದುಂಡಗೆ, ಪೂರ್ತಿಯಾಗಿ.

ಎದುರಿನ ಟೀ ಅಂಗಡಿಯ ಹುಡುಗ
ಲೋಟ ಹಿಡಿದೇ ಆಚೆ ಬಂದು ಕೂಗಿದ:
“ಏನಿಲ್ಲಣ್ಣಾ?”